ಕತ್ತರಿಸಿ ಹಾಕಿದ ಎರಡು ತಟ್ಟು

ಅಕ್ಷರ ಕಲಿತ ವರ್ಷವೇ ಯಾರೂ ಪಾಠ ಹೇಳಲು ಕೂರುವುದಿಲ್ಲ. ಸೂಜಿಗೆ ದಾರ ಪೋಣಿಸಲು ಬಂದ ಮಾತ್ರಕ್ಕೆ ಯಾರೂ ಗಾಯಕ್ಕೆ ಹೊಲಿಗೆ ಹಾಕಲು ಹೊರಡುವುದಿಲ್ಲ. ಆದರೆ ಕೈಯಲ್ಲಿ ಮೊಬೈಲ್ ಇದ್ದರೆ ಸಾಕು, ನಿನ್ನೆ ಕಲಿತ ಪಟ್ಟನ್ನು ಇಂದು ಊರಿಗೆಲ್ಲ ಕಲಿಸುವ ಧೈರ್ಯ ನಮಗೆ ಬಂದುಬಿಡುತ್ತದೆ. ಆ ಧೈರ್ಯದ ಬೆಲೆಯನ್ನು ತೆತ್ತವರು ಯಾರು ಎಂದು ಹೇಳುವುದಕ್ಕೆ ಈ ಕಥೆ.

ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗ್ಲಾಸ್ ಕೂರಿಸುವ ಹುಡುಗಿಯೊಬ್ಬಳು. ಮಾತೆಂದರೆ ಪಟಪಟ, ನಡೆದರೆ ಓಡಿದಂತೆ. ಹಾಗಾಗಿ ಮನೆಯಲ್ಲಿ ಅವಳಿಗೆ ಚಿನಕುರುಳಿ ಎಂದೇ ಹೆಸರು. ಕೆಲಸ ಮುಗಿಸಿ ಸಂಜೆ ಜೂಡೋ ಕಲಿಯಲು ಹೋಗುತ್ತಿದ್ದಳು. ಸೇರಿ ಇನ್ನೂ ಕೆಲವೇ ತಿಂಗಳು. ಸೊಂಟದಲ್ಲಿದ್ದದ್ದು ಹೊಸಬರ ಬಿಳಿ ಪಟ್ಟಿ. ಅಭ್ಯಾಸದಲ್ಲಿ ಅವಳ ಜೋಡಿ ಆಸ್ಪತ್ರೆಯ ನರ್ಸ್ ಒಬ್ಬರು. ಅವರನ್ನು ಇವಳು ‘ನರ್ಸಕ್ಕ’ ಎನ್ನುತ್ತಿದ್ದಳು.

ಆ ವಾರ ಮಾಸ್ಟರ್ ದೊಡ್ಡವರಿಗೆ ಮಾತ್ರ ಕತ್ತಿಗೆ ತೋಳು ಸುತ್ತಿ ಬಿಗಿಯುವ ಪಟ್ಟನ್ನು ಕಲಿಸಲು ಆರಂಭಿಸಿದ್ದರು. ಮಕ್ಕಳಿಗೆ ಅದನ್ನು ಅವರು ತೋರಿಸುತ್ತಲೇ ಇರಲಿಲ್ಲ. ಚಿನಕುರುಳಿ ಫೋನನ್ನು ಕಿಟಕಿಗೆ ಒರಗಿಸಿ ನಿಲ್ಲಿಸಿದಳು.

“ಇದೇನೇ ಇದು?” ಎಂದರು ನರ್ಸಕ್ಕ.

“ವಿಡಿಯೋ ಅಕ್ಕಾ. ನೀವು ಸುಮ್ನೆ ಸಿಕ್ಕಾಕೊಳ್ಳಿ, ಸಾಕು.”

“ಮಾಸ್ಟರನ್ನ ಕೇಳಿದ್ಯಾ?”

“ಕೇಳಿದ್ರೆ ಬೇಡ ಅಂತಾರೆ. ಅದಕ್ಕೇ ಕೇಳಿಲ್ಲ!”

ನರ್ಸಕ್ಕನಿಗೆ ನಗು ಬಂತು. “ನಿನ್ನ ತಪ್ಪು ನೀನು ನೋಡ್ಕೊಳ್ಳೋಕೆ ಬೇಕಾದ್ರೆ ತೆಗಿ. ಎಲ್ಲೂ ಹಾಕ್ಬೇಡ, ಮಾರಾಯ್ತಿ.”

“ಆಯ್ತಕ್ಕಾ,” ಎಂದಳು. ಆಡಿದ ಮಾತು ಮನೆಯವರೆಗೂ ಉಳಿಯಲಿಲ್ಲ.

ಅವಳ ಅಣ್ಣ ಮೊಬೈಲ್ ರಿಪೇರಿ ಅಂಗಡಿಯವನು, ವಿಡಿಯೋ ಕತ್ತರಿಸಿ ಜೋಡಿಸುವುದರಲ್ಲಿ ಪಳಗಿದ ಕೈ. ನೋಡುತ್ತ ನೋಡುತ್ತ ಮೂಗು ಮುರಿದ.

“ಈ ಯಮ್ಮ ಯಾಕೆ ನಿನ್ನ ತೋಳು ತಟ್ತಾ ಇದಾರೆ?”

“ಸಾಕು, ಬಿಡು ಅಂತ ಕಣೋ. ಎರಡು ಸಲ ತಟ್ಟಿದ್ರೆ ಆ ಕ್ಷಣಕ್ಕೇ ಬಿಡ್ಬೇಕು. ಮೊದಲ್ನೇ ದಿನ ಹೇಳ್ಕೊಡೋದೇ ಅದು.”

“ಬಿಟ್ಟು, ‘ನೋವಾಯ್ತಾ ಅಕ್ಕಾ’ ಅಂತ ಬೆನ್ನು ಬೇರೆ ಸವರ್ತೀಯ. ಇದೇನು ಫೈಟಾ, ನೆಂಟರ ಉಪಚಾರಾನಾ? ಇದ್ಯಾವುದೂ ಬೇಡ. ಅವರ ತಲೆ ವಾಲುತ್ತಲ್ಲ, ಅಲ್ಲಿಗೇ ಕಟ್ ಮಾಡೋಣ. ಖಡಕ್ ಆಗಿರುತ್ತೆ.”

ಚಿನಕುರುಳಿ ಆ ತಟ್ಟುವ ಭಾಗವನ್ನು ಇನ್ನೊಮ್ಮೆ ನೋಡಿದಳು. ಆಮೇಲೆ, “ಹೂಂ, ಮಾಡು,” ಎಂದಳು.

ಓದುಗರು ಇಲ್ಲಿ ತುಸು ನಿಲ್ಲಬೇಕು. ಆ ವಿದ್ಯೆಯಲ್ಲಿ ತಟ್ಟುವುದು ಸೋಲಲ್ಲ. ತನ್ನ ಕತ್ತನ್ನು ಇನ್ನೊಬ್ಬರ ತೋಳಿಗೆ ಒಪ್ಪಿಸಿದವರಿಗೆ ಉಳಿದಿರುವ ಏಕೈಕ ಮಾತು ಅದು. ಗಂಟಲು ಬಿಗಿದಾಗ ನಾಲಗೆ ಆಡುವುದಿಲ್ಲ, ಕೈ ಆಡುತ್ತದೆ. ಆ ಮಾತನ್ನು ತೆಗೆದುಹಾಕಿದರೆ ಉಳಿಯುವುದು ವಿದ್ಯೆಯಲ್ಲ, ಬರಿಯ ಕತ್ತು ಹಿಸುಕುವಿಕೆ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ‘ಹೂಂ’ ಎಂದಳು. ಅಜ್ಞಾನವನ್ನು ಕ್ಷಮಿಸಬಹುದು, ಈ ‘ಹೂಂ’ ಅನ್ನು ಕ್ಷಮಿಸುವುದು ಕಷ್ಟ.

ಅಣ್ಣ ಮೇಲೆ ದಪ್ಪ ಅಕ್ಷರದಲ್ಲಿ ಬರೆದ: ‘ಯಾರು ಬೇಕಾದರೂ ಕಲಿಯಬಹುದು! ಮನೆಯಲ್ಲೇ ಮಾಡಿ ನೋಡಿ!’ ಹೇಳಿಕೊಡುವವಳು ಹೊಸಬಳು ಎಂಬ ಮಾತು ಎಲ್ಲಿಯೂ ಇರಲಿಲ್ಲ.

ಜನ ಮುಗಿಬಿದ್ದು ನೋಡಿದರು. ಬಂದ ಹೊಗಳಿಕೆಯ ನಡುವೆ ಹಿರಿಯರೊಬ್ಬರು ಬರೆದಿದ್ದರು: ‘ತಂಗಿ, ಬಿಡುವ ಸಂಜ್ಞೆಯನ್ನು ನೀವು ತೋರಿಸಿಲ್ಲ. ಮಕ್ಕಳು ನೋಡುತ್ತಾರೆ. ದಯವಿಟ್ಟು ಇದನ್ನು ತೆಗೆಯಿರಿ.’ ಚಿನಕುರುಳಿ ಉತ್ತರ ಕೊಟ್ಟಳು: ‘ಹೊಟ್ಟೆ ಉರೀತಿದ್ಯಾ ಅಂಕಲ್? ತಣ್ಣೀರು ಕುಡೀರಿ!’ ಆ ಉತ್ತರಕ್ಕೂ ಜನ ಚಪ್ಪಾಳೆ ತಟ್ಟಿದರು. ಆ ಹಿರಿಯರು ಮತ್ತೆ ಬರೆಯಲಿಲ್ಲ.

ಇವರ ಮನೆಯ ಕೆಳಗಿನ ಮಹಡಿಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬರಿದ್ದರು. ಎಲ್ಲರಿಗೂ ಅವರು ಟೈಲರಮ್ಮ. ಗಂಡನಿಲ್ಲದ ಮನೆ, ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಶಾಲೆಗೆ ಹೋಗುವವರು. ಮೇಲಿನ ಮನೆಯ ಅಕ್ಕನ ವಿಡಿಯೋ ಎಂದರೆ ಇಬ್ಬರಿಗೂ ಪ್ರಾಣ. ರಜೆಯ ಮಧ್ಯಾಹ್ನ, ತಾಯಿ ಹೊರಕೋಣೆಯಲ್ಲಿ ಮಷಿನ್ ತುಳಿಯುತ್ತಿದ್ದಾಗ, ಒಳಕೋಣೆಯಲ್ಲಿ ದೊಡ್ಡವಳು ಫೋನನ್ನು ದಿಂಬಿಗೆ ಒರಗಿಸಿಟ್ಟು ಚಿಕ್ಕವಳ ಕತ್ತಿಗೆ ತೋಳು ಸುತ್ತಿದಳು. ವಿಡಿಯೋದಲ್ಲಿ ಕಂಡಂತೆಯೇ ತಂಗಿಯ ತಲೆ ವಾಲಿತು. ‘ಸರಿಯಾಗಿ ಬಂತು’ ಎಂದು ದೊಡ್ಡವಳು ಇನ್ನಷ್ಟು ಬಿಗಿದಳು. ತಂಗಿ ಬೇಕೆಂದೇ ನಟಿಸುತ್ತಿದ್ದಾಳೆ ಎಂದು ನಕ್ಕಳು ಕೂಡ. ಮಷಿನ್ನಿನ ಸದ್ದಿನಲ್ಲಿ ತಾಯಿಗೆ ಏನೂ ಕೇಳಿಸಲಿಲ್ಲ.

ಆಸ್ಪತ್ರೆಗೆ ಹೊತ್ತೊಯ್ದ ಮಗು ಬದುಕಿತು. ಕತ್ತಿನ ರಕ್ತನಾಳಕ್ಕೆ ಪೆಟ್ಟಾಗಿ ಮಿದುಳಿಗೆ ರಕ್ತ ಹೋಗಿಲ್ಲ ಎಂದರು ಡಾಕ್ಟರು. ಬಲಗೈ ಹಿಡಿತಕ್ಕೆ ಬರುತ್ತಿಲ್ಲ. ತಾಯಿಯನ್ನು ಗುರುತು ಹಿಡಿಯುತ್ತಾಳೆ, ‘ಅಮ್ಮ’ ಎನ್ನಲು ಬಾಯಿ ತೆರೆಯುತ್ತಾಳೆ, ಮಾತು ಹೊರಡುವುದಿಲ್ಲ. ಮುಂದೆ ಬರಬಹುದು, ಬರದೆಯೂ ಹೋಗಬಹುದು.

ಮೆಟ್ಟಿಲಿನ ಮೇಲೆ ನೆರೆಯವರ ನಡುವೆ ಬೇರೆ ಮಾತು ಹುಟ್ಟಿಕೊಂಡಿತು. “ಸ್ವಂತ ತಂಗಿ ಕತ್ತನ್ನೇ ಹಿಸುಕಿದ್ಳಂತೆ.” “ಅಷ್ಟು ಚಿಕ್ಕ ಹುಡುಗಿಗೆ ಎಂಥಾ ಮನಸ್ಸು ನೋಡಿ!” “ನಮ್ಮ ಮಕ್ಕಳನ್ನ ಅವಳ ಹತ್ರ ಬಿಡಬೇಡ್ರಪ್ಪಾ.” ಟೈಲರಮ್ಮ ಆಸ್ಪತ್ರೆಯಿಂದ ಬಂದಾಗಲೆಲ್ಲ ದೊಡ್ಡವಳು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮುದುಡಿ ಕೂತಿರುತ್ತಿದ್ದಳು. ತಾಯಿ ಅವಳೊಂದಿಗೆ ಮಾತು ಬಿಟ್ಟಿದ್ದರು.

ಆ ಮಗುವಿನ ಆರೈಕೆ ನರ್ಸಕ್ಕನ ವಾರ್ಡಿಗೇ ಬಂದಿತ್ತು. ಮಕ್ಕಳು ಏನು ನೋಡಿ ಹೀಗೆ ಮಾಡಿದರೆಂದು ಕೇಳಿದಾಗ ಟೈಲರಮ್ಮ ಫೋನ್ ತೆಗೆದು ತೋರಿಸಿದರು. ವಾಲಿದ್ದ ಆ ತಲೆ ತನ್ನದೇ ಎಂದು ನರ್ಸಕ್ಕ ಕಂಡರು. ಡ್ಯೂಟಿ ಮುಗಿದ ಕೂಡಲೇ ಯೂನಿಫಾರ್ಮಿನಲ್ಲೇ ಚಿನಕುರುಳಿಯ ಮನೆಗೆ ಬಂದರು.

“ತಟ್ಟಿದ್ದನ್ನ ಯಾಕೆ ತೆಗೆದೆ?” ಎಂದು ನಿಂತಲ್ಲಿಂದಲೇ ಕೇಳಿದರು.

ಉತ್ತರ ಕೊಟ್ಟವನು ಅಣ್ಣ. “ಅಕ್ಕಾ, ಕೂತ್ಕೊಳ್ಳಿ ಮೊದ್ಲು. ವಿಡಿಯೋ ನೋಡಿದವರೆಲ್ಲ ಕತ್ತು ಹಿಸುಕಿದ್ರಾ? ಆ ಹುಡುಗೀಗೆ ಬುದ್ಧಿ ಬೇಡ್ವಾ? ಸಿನಿಮಾದಲ್ಲಿ ಕಟ್ಟಡದಿಂದ ಹಾರ್ತಾರೆ, ನಾವು ಹಾರ್ತೀವಾ?”

“ಸಿನಿಮಾದವರು ‘ಮನೆಯಲ್ಲೇ ಮಾಡಿ ನೋಡಿ’ ಅಂತ ಬರೀತಾರೇನಪ್ಪಾ? ಬರೆದಿದ್ದು ನೀನು.”

ಅಣ್ಣ ಫೋನ್ ಕೈಗೆತ್ತಿಕೊಂಡ. ಚಿನಕುರುಳಿಯ ತಾಯಿ ಒಳಗಿನಿಂದ ಬಂದು ಬಾಗಿಲು ಹಾಕಿದರು. “ಮೆಲ್ಲಗೆ ಮಾತಾಡಿ ತಾಯೀ. ಬೇಕು ಅಂತಲೇ ಕತ್ತರಿಸಿದ್ದು ಕೆಳಗಿನವರಿಗೆ ಗೊತ್ತಾದ್ರೆ ಪೊಲೀಸು, ಕೇಸು ಅಂತ ಹೋಗ್ತಾರೆ. ಇವಳಿಗಿನ್ನೂ ಮದುವೆ ಆಗ್ಬೇಕು. ಅಳಿಸಿ ಹಾಕಿ ಸುಮ್ನಿರೋಣ. ಹೇಗೂ ಎಲ್ಲರೂ ಆ ಹುಡುಗೀದೇ ತಪ್ಪು ಅಂತಿದಾರೆ.”

“ಅದಕ್ಕೇ ಬಂದೆ ಅಮ್ಮಾ. ಅನ್ನಲಿ ಅಂತ ಸುಮ್ನಿರ್ತೀರಾ? ಆ ಹುಡುಗಿ ಪ್ರತಿ ದಿನ ಅಮ್ಮನ ಕಣ್ಣು ತಪ್ಪಿಸಿ ಬಂದು ಆಸ್ಪತ್ರೆ ಬಾಗಿಲಲ್ಲಿ ನಿಂತು ನನ್ನ ಒಂದೇ ಮಾತು ಕೇಳ್ತಾಳೆ. ‘ತಂಗಿ ಯಾಕೆ ಬಿಡು ಅನ್ನಲಿಲ್ಲ’ ಅಂತ. ಏನ್ ಹೇಳ್ಲಿ? ಬಿಡು ಅನ್ನೋದು ಹೇಗೆ ಅಂತ ಆ ಮಕ್ಕಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಿಮ್ಮ ಮಗಳು.”

ಚಿನಕುರುಳಿ ಗೋಡೆಗೆ ಒರಗಿ ಕೂತಳು. ಅವಳ ಬಾಯಲ್ಲಿ ಆ ಸಂಜೆ ಪಟಪಟ ಇರಲಿಲ್ಲ. “ನಾನು ಬೇರೆ ಹುಡುಗೀರಿಗೆ ಧೈರ್ಯ ಬರ್ಲಿ ಅಂತ...” ಎಂದು ಆರಂಭಿಸಿ ನಿಲ್ಲಿಸಿದಳು.

“ಧೈರ್ಯ ತುಂಬೋದಾದ್ರೆ, ಬಿಳಿ ಪಟ್ಟೀಲಿ ಬಿದ್ದಿದ್ದು, ಎದ್ದಿದ್ದು ತೋರಿಸ್ಬೇಕಿತ್ತು. ನಾನು ಹೊಸಬಳು, ನಮ್ಮ ಮಾಸ್ಟರ್ ಹೀಗೆ ಹೇಳ್ಕೊಟ್ರು, ನೀವೂ ಒಬ್ಬ ಗುರು ಹತ್ರ ಕಲೀರಿ ಅನ್ಬೇಕಿತ್ತು. ನನ್ನ ಮುಖ ಹಾಕೋ ಮುಂಚೆ ನನ್ನ ಕೇಳ್ಬೇಕಿತ್ತು. ಯಾರೋ ಹಿರಿಯರು ತೆಗಿಯಮ್ಮಾ ಅಂತ ಬೇಡ್ಕೊಂಡ್ರೆ ಅವರನ್ನ ಆಡ್ಕೊಂಡ್ಯಲ್ಲ, ಅದೂ ಓದಿದೆ.”

ಅಣ್ಣ ಅಷ್ಟರಲ್ಲಿ ವಿಡಿಯೋವನ್ನು ಅಳಿಸಿದ್ದ. ಫೋನಿನಿಂದ ಕಣ್ಣೆತ್ತದೆ ಹೇಳಿದ: “ಅಳಿಸಿದೆ ಅಕ್ಕಾ. ಆದ್ರೆ ಬೇರೆಯವರು ಇಳಿಸ್ಕೊಂಡು ಹಾಡು ಸೇರಿಸಿ ಹಾಕಿದಾರೆ. ಒಂದಲ್ಲ, ಎಷ್ಟೋ ಇವೆ. ಇವನ್ನ ನನ್ನ ಕೈಲಿ ತೆಗೆಯೋಕಾಗಲ್ಲ.” ಅವನ ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಚಿನಕುರುಳಿ ಎದ್ದಳು. “ಅಮ್ಮಾ, ಬಾಗಿಲು ತೆಗಿ. ನಾನು ಕೆಳಗೆ ಹೋಗ್ಬೇಕು.”

“ಹುಚ್ಚು ಹಿಡೀತಾ ನಿಂಗೆ?”

“ಅವಳು ನನ್ನ ತಪ್ಪು ಹೊತ್ಕೊಂಡು ಮೇಜಿನ ಕೆಳಗೆ ಕೂತಿದಾಳಮ್ಮಾ.”

ತಾಯಿ ತಾವೇ ಚಿಲಕ ತೆಗೆದು, ಮಗಳ ಹಿಂದೆಯೇ ಮೆಟ್ಟಿಲಿಳಿದರು. ಅಣ್ಣನೂ ಇಳಿದ.

ಟೈಲರಮ್ಮ ಆಸ್ಪತ್ರೆಗೆ ಒಯ್ಯಲು ಬಟ್ಟೆ ಮಡಚುತ್ತಿದ್ದರು. ಚಿನಕುರುಳಿ ನಡೆದದ್ದನ್ನು ಒಂದೂ ಬಿಡದೆ ಹೇಳಿದಳು. ಕತ್ತರಿಸದ ಮೂಲ ವಿಡಿಯೋವನ್ನು ತೋರಿಸಿದಳು. ನರ್ಸಕ್ಕನ ಕೈ ಎರಡು ಸಲ ತಟ್ಟಿತು; ಬಿಗಿದ ತೋಳು ತಕ್ಷಣ ಸಡಿಲಿತು. ಟೈಲರಮ್ಮ ಅದನ್ನು ಕೊನೆಯವರೆಗೂ ನೋಡಿ ಫೋನನ್ನು ಹಿಂದಕ್ಕೆ ಚಾಚಿದರು. ಬೈಯಲಿಲ್ಲ.

“ಇದನ್ನೂ ಸೇರಿಸಿ ಹಾಕಿದ್ರೆ ನಿನ್ನ ಗಂಟೇನು ಹೋಗ್ತಿತ್ತಮ್ಮಾ?” ಎಂದರು. “ನನಗೇನೂ ಹೇಳ್ಬೇಡ. ನಿನ್ನ ಕ್ಷಮಿಸೋ ಶಕ್ತಿ ನನಗಿಲ್ಲ. ಅವಳಿಗೆ ಹೇಳು, ಹೋಗು.”

ಚಿನಕುರುಳಿ ಮೇಜಿನ ಕೆಳಗೆ ಬಗ್ಗಿ, ನೆಲಕ್ಕೆ ಕೂತಳು. “ಪುಟ್ಟೀ, ತಪ್ಪು ನಿಂದಲ್ಲ. ತಟ್ಟಿದ್ರೆ ಬಿಡ್ಬೇಕು ಅಂತ ನಾನು ನಿಮಗೆ ತೋರಿಸಲೇ ಇಲ್ಲ. ಬೇಕು ಅಂತಲೇ ತೆಗೆದೆ.”

ಹುಡುಗಿ ಅವಳನ್ನು ದಿಟ್ಟಿಸಿದಳು. “ತಟ್ಟಿದ್ರೆ ನಾನು ಬಿಡ್ತಿದ್ದೆ ಅಲ್ವಾ, ಅಕ್ಕಾ?”

“ಬಿಡ್ತಿದ್ದೆ. ಖಂಡಿತ ಬಿಡ್ತಿದ್ದೆ.”

ಟೈಲರಮ್ಮ ಮಡಚುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟು, ದೊಡ್ಡ ಮಗಳನ್ನು ಮೇಜಿನ ಕೆಳಗಿನಿಂದ ತೋಳು ಹಿಡಿದು ಎಳೆದು ಎದೆಗೊತ್ತಿಕೊಂಡರು. ಆ ಹುಡುಗಿ ಆಗ ಅತ್ತಳು.

ಚಿನಕುರುಳಿ ಮಾಸ್ಟರ್ ಎದುರು ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಅವರ ಅನುಮತಿ ಪಡೆದು, ನರ್ಸಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾನು ಮಾಡಿದ್ದೇನು, ಅದರಿಂದ ಆದದ್ದೇನು ಎಂದು ತನ್ನದೇ ಮುಖ ತೋರಿಸಿ ಹೇಳಿದಳು. ಆ ವಿಡಿಯೋವನ್ನು ನೋಡಿದವರು ಬೆರಳೆಣಿಕೆಯಷ್ಟು ಜನ. ಅಣ್ಣ ಈಗಲೂ ಹಳೆಯದನ್ನು ಹಾಕಿಕೊಂಡವರನ್ನೆಲ್ಲ ಹುಡುಕಿ, ತೆಗೆಯಿರಿ ಎಂದು ಕೈಮುಗಿದು ಬರೆಯುತ್ತಾನೆ. ಕೆಲವರು ತೆಗೆಯುತ್ತಾರೆ. ಕೆಲವರು ನಗುತ್ತಾರೆ. ಕೆಳಗಿನ ಮನೆಯ ಚಿಕ್ಕವಳಿಗೆ ಮಾತು ಇನ್ನೂ ಬಂದಿಲ್ಲ.

ಓದುಗರೇ, ಕಲಿತದ್ದನ್ನು ಹಂಚಿಕೊಳ್ಳುವುದು ತಪ್ಪಲ್ಲ. ಹಂಚುವ ಮುನ್ನ ನಿಮ್ಮ ಗುರುವನ್ನು ಕೇಳಿ. ಜೊತೆಗೆ ಕಾಣುವವರ ಒಪ್ಪಿಗೆ ಪಡೆಯಿರಿ. ನೀವು ಹೊಸಬರಾಗಿದ್ದರೆ, ಹೊಸಬರೆಂದು ಹೇಳಿಕೊಳ್ಳಲು ನಾಚಬೇಡಿ. ಕತ್ತು, ಕೀಲು, ತಲೆಗೆ ಸಂಬಂಧಿಸಿದ ಪಟ್ಟುಗಳನ್ನು ಕಲಿಸುವ ಹೊಣೆಯನ್ನು ಅದಕ್ಕೆ ತಕ್ಕವರಿಗೆ ಬಿಡಿ. ಅಪಾಯ ತಪ್ಪಿಸುವ ಭಾಗವನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ. ತಿಳಿದವರು ತಿದ್ದಿದರೆ ಹಂಗಿಸದೆ ಕೇಳಿ, ಆ ಗಳಿಗೆಯಲ್ಲೇ ತೆಗೆದುಬಿಡಿ. ನಾಳೆ ತೆಗೆಯುತ್ತೇನೆ ಎಂದರೆ ಅದು ನಿಮ್ಮ ಕೈಯಲ್ಲಿ ಉಳಿದಿರುವುದಿಲ್ಲ.

ನೀವು ಕಲಿಯುವಾಗ ಪಕ್ಕದಲ್ಲಿ ಮಾಸ್ಟರ್ ಇರುತ್ತಾರೆ, ಕೆಳಗೆ ಮೆತ್ತನೆಯ ಮ್ಯಾಟ್ ಇರುತ್ತದೆ, ‘ನಿಲ್ಲಿಸು’ ಎನ್ನುವವರು ಇರುತ್ತಾರೆ. ನಿಮ್ಮ ವಿಡಿಯೋ ತಲುಪುವ ಮನೆಯಲ್ಲಿ ಅವರಾರೂ ಇಲ್ಲ. ಅಲ್ಲಿರುವುದು ಬಾಗಿಲು ಮುಚ್ಚಿದ ಒಂದು ಕೋಣೆ, ನಿಮ್ಮನ್ನು ನಂಬಿದ ಮಕ್ಕಳು, ಮತ್ತು ನೀವು ಹೇಳಿದಷ್ಟು ಮಾತ್ರ.