ಚೂಟಿ ಬಿಟ್ಟುಹೋದ ಅರ್ಧ ಸಾಲು

ಚಳಿ ಹಿಂದೆ ಸರಿದು, ಬಿಸಿಲು ಇನ್ನೂ ಬಲಿಯದ ಹದಿನೈದಿಪ್ಪತ್ತು ದಿನಗಳಲ್ಲೇ ಗೋಧಿ ಕೊಯ್ದು ಮುಗಿಸಬೇಕು. ಮುಂಚೆ ಕೊಯ್ದರೆ ಕಾಳು ಇನ್ನೂ ಹಸಿ. ತಡವಾದರೆ ತೆನೆ ಮುಟ್ಟುವುದೇ ತಡ, ಉದುರಿ ಹಕ್ಕಿಯ ಪಾಲು. ಇಬ್ಬನಿ ಆರುವ ತನಕ ದಂಟು ಮೆತ್ತಗಿರುತ್ತದೆ, ಕಾಳು ಜಾರುವುದಿಲ್ಲ. ಅದಕ್ಕೇ ಅವತ್ತು ಬೆಳಕು ಹರಿಯುವ ಹೊತ್ತಿಗೇ ನಾನು ಹೊಲದಲ್ಲಿದ್ದೆ. ಬದುವಿನ ಆಚೆ, ಅಕ್ಕನ ಹೊಲದಲ್ಲಿ, ಕೂಲಿಯ ಇಬ್ಬರು ಹೆಂಗಸರು ಕೊಯ್ಯುತ್ತಿದ್ದರು. ಅಕ್ಕ ಬದುವಿನ ಮೇಲೆ ಕೂತು, ಕೊಯ್ದ ದಂಟನ್ನು ಸಿವುಡು ಕಟ್ಟಲು ಹುಲ್ಲಿನ ಹುರಿ ಹೊಸೆಯುತ್ತಿದ್ದಳು. ಬೆನ್ನು ಬಾಗಿದ ಮೇಲೆ ಅವಳು ಮಾಡಬಲ್ಲ ಕೆಲಸ ಅದೊಂದೇ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಒಂದೇ ವರ್ಷ ಮದುವೆಯಾಗಿ ಪಕ್ಕಪಕ್ಕದ ಮನೆಗೆ ಬಂದವರು ನಾವು. ನನಗಿಂತ ನಾಲ್ಕು ವರ್ಷ ದೊಡ್ಡವಳೆಂದು ಅಕ್ಕ. ಕೂಲಿ ಕೊಡುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಮುಯ್ಯಾಳು ಮಾಡಿಕೊಂಡೆವು. ಇವತ್ತು ಅವಳ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ಅವಳು. ಹತ್ತೊಂಬತ್ತು ಸುಗ್ಗಿ ಹಾಗೇ ನಡೆಯಿತು. ಯಾವಾಗ ಲೆಕ್ಕ ಹಾಕಿದರೂ ಆ ಕಡೆಯೋ ಈ ಕಡೆಯೋ ಒಂದು ದಿನ ಬಾಕಿ ಇದ್ದೇ ಇರುತ್ತಿತ್ತು. ಅದನ್ನು ಚುಕ್ತಾ ಮಾಡಬೇಕೆಂದು ಇಬ್ಬರಿಗೂ ಅನ್ನಿಸುತ್ತಿರಲಿಲ್ಲ. ಬಾಕಿ ಇದೆಯೆಂದರೆ ಹೋಗುವುದು ಬರುವುದು ಇದೆಯೆಂದೇ.

ಈಗ ಇಪ್ಪತ್ತು ವರ್ಷದಿಂದ ನಮ್ಮ ನಡುವೆ ಬಾಕಿ ಇಲ್ಲ.

ಬಿಸಿಲೇರುವಾಗ ಶಾಲೆಯ ಟೀಚರಮ್ಮ ನೋಟ್‌ಬುಕ್ ಹಿಡಿದು ಬದುವಿನ ಮೇಲೆ ಬಂದಳು. ಹೊಸಬಳು, ಚಪ್ಪಲಿ ಕೈಯಲ್ಲಿತ್ತು. ಮುಂದಿನ ವಾರಕ್ಕೆ ಸೇತುವೆ ಕುಸಿದು ಇಪ್ಪತ್ತು ವರ್ಷ. ದೇಶದಲ್ಲೆಲ್ಲ ಬಾವುಟ ಅರ್ಧಕ್ಕೆ ಇಳಿಸುತ್ತಾರೆ. ಬೆಳಿಗ್ಗೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಸೈರನ್ ಕೂಗಿದಾಗ ಎಲ್ಲರೂ ಇದ್ದಲ್ಲೇ ನಿಲ್ಲುತ್ತಾರೆ. ರೈಲು ಸೇತುವೆಯ ನಡುವೆ ಬಂದಾಗ ಅದು ಕುಸಿದದ್ದು, ಮುನ್ನೂರಕ್ಕೂ ಮೀರಿ ಜನ ಹೊಳೆಪಾಲಾದದ್ದು ಆ ಹೊತ್ತಿಗೇ. ಆಗ ಯಾರು ಎಲ್ಲಿದ್ದರು, ಏನು ಮಾಡುತ್ತಿದ್ದರು ಎಂದು ಊರವರನ್ನು ಕೇಳಿ ಬರೆದು ಶಾಲೆಯ ಗೋಡೆಗೆ ಹಾಕಬೇಕಂತೆ.

"ಬೇರೆ ಯಾರ್ಯಾರು ಹೇಳಿದ್ರು?" ಎಂದಳು ಅಕ್ಕ, ಹೊಸೆಯುವುದು ನಿಲ್ಲಿಸದೆ.

"ಹದಿನಾಲ್ಕು ಜನ ಹೇಳಿದ್ರಜ್ಜಿ. ಹದಿಮೂರು ಜನ ಕ್ಷೌರದಂಗಡಿಯಲ್ಲಿ ರೇಡಿಯೋ ಮುಂದೆ ಇದ್ರಂತೆ."

"ಆ ಅಂಗಡೀಲಿ ಮೂರು ಜನ ಕೂತ್ರೆ ನಾಲ್ಕನೆಯವನ ಮೊಣಕಾಲು ಬೀದೀಲಿರುತ್ತೆ," ಎಂದೆ ನಾನು. "ಗಿರಣಿಯವನೂ ಅಲ್ಲೇ ಇದ್ನಂತಾ?"

"ಸುದ್ದಿ ಮೊದಲು ಕೇಳಿಸಿಕೊಂಡವರೇ ಅವರಂತೆ."

"ಅವನಿಗೆ ಆ ವರ್ಷ ಕಿವಿಗೆ ಹತ್ತಿ ತುರುಕಿತ್ತು, ಹೆಂಡತಿ ಕೂಗಿದ್ರೂ ಕೇಳ್ತಿರಲಿಲ್ಲ," ಎಂದಳು ಅಕ್ಕ. ಕೂಲಿಯ ಹೆಂಗಸರು ಬಾಗಿದಲ್ಲೇ ನಕ್ಕರು. ಅಕ್ಕನೂ ತುಸು ನಕ್ಕಳು. ಅವಳು ನಗುತ್ತಾಳೆ, ಮಾತಾಡುತ್ತಾಳೆ, ನಮ್ಮ ಮನೆಯಲ್ಲಿ ಜ್ವರ ಬಂದರೆ ಬಂದು ಕೂರುತ್ತಾಳೆ. ಮುಯ್ಯಾಳು ಮಾತ್ರ ಇಲ್ಲ.

"ನೀವೆಲ್ಲಿದ್ರಿ ಅಜ್ಜಿ?"

ಟೀಚರಮ್ಮನಿಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಅಕ್ಕ ಹುರಿಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಬಿಗಿದಳು. "ಒಲೆ ಮುಂದೆ. ನನ್ನ ಮಗಳು ಆ ರೈಲಲ್ಲಿದ್ಲು. ಬರ್ಕೋ."

ಟೀಚರಮ್ಮ ಬರೆಯಲಿಲ್ಲ. ಎಲ್ಲಿ ನೋಡಬೇಕೆಂದು ತಿಳಿಯದೆ ನನ್ನ ಕಡೆ ತಿರುಗಿದಳು. "ನೀವು?"

ಪ್ರತಿ ವರ್ಷ ಯಾರು ಕೇಳಿದರೂ ನಾನು "ಹೊಲದಲ್ಲಿದ್ದೆ" ಎಂದು ಮುಗಿಸುತ್ತಿದ್ದೆ. ಅದು ಸುಳ್ಳಲ್ಲ.

ಅಕ್ಕನ ಆ ಮಗಳನ್ನು ನಾವೆಲ್ಲ ಚೂಟಿ ಎಂದೇ ಕರೆಯುತ್ತಿದ್ದೆವು. ನಿಂತಲ್ಲಿ ನಿಲ್ಲದವಳು. ಹೊಳೆಯ ಆಚೆ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಮಂಗಳವಾರದ ರೈಲಿಗೆ ಹೊರಟಿದ್ದಳು. ದಿನಕ್ಕೆ ಒಂದೇ ರೈಲು. ಆ ಸುಗ್ಗಿಯಲ್ಲಿ ನಾನು ಅಕ್ಕನ ಹೊಲಕ್ಕೆ ಐದು ದಿನ ಹೋಗಿದ್ದೆ, ಅಕ್ಕ ನಾಲ್ಕು ದಿನ ಬಂದಿದ್ದಳು. ಐದನೆಯ ದಿನಕ್ಕೆ ಅವಳ ಮಣಿಕಟ್ಟು ಊದಿಕೊಂಡಿತು. ಸೋಮವಾರ ನೀರಿಗೆ ಬಂದ ಚೂಟಿಗೆ ನಾನೇ ಹೇಳಿದ್ದೆ: "ಏನೇ, ನಿಮ್ಮನೆ ಬಾಕಿ ಇಟ್ಟು ರೈಲು ಹತ್ತುತೀಯಾ? ಟಿಕೆಟ್ ಕೊಡೋನು ಬಾಕಿ ಇಲ್ಲ ಅನ್ನೋ ನನ್ನ ಚೀಟಿ ಕೇಳ್ತಾನೆ ನೋಡು!" ನಗುತ್ತಲೇ ಹೇಳಿದ್ದೆ. ಆದರೆ ನನ್ನ ಗೋಧಿ ಉದುರಲು ಶುರುವಾಗಿತ್ತು. ಅವಳು ನಿಂತರೆ ಸಾಕೆಂದು ಒಳಗೆ ಇತ್ತು.

ನಿಂತಳು. ಮಂಗಳವಾರವೆಲ್ಲ ಕೊಯ್ದಳು. ಬುಧವಾರ ಹೊರಟಳು. ಬುಧವಾರವೇ ಸೇತುವೆ ಕುಸಿದದ್ದು.

ಇಷ್ಟು ಅಕ್ಕನಿಗೂ ಗೊತ್ತು, ಊರಿಗೂ ಗೊತ್ತು. ನನ್ನನ್ನು ಯಾರೂ ಒಂದು ಮಾತು ಅನ್ನಲಿಲ್ಲ. ಮರುವರ್ಷ ಕುಡುಗೋಲು ಹಿಡಿದು ಬದುವಿನ ಬಳಿ ಹೋದಾಗ ಅಕ್ಕ ಮೆಲ್ಲಗೆ ಹೇಳಿದಳು: "ಲೆಕ್ಕ ತೀರಿತಲ್ಲ. ಅವಳೇ ತೀರಿಸಿ ಹೋದ್ಲು. ಇನ್ನು ಬೇಡ." ಆಮೇಲೆ ಕಷ್ಟಪಟ್ಟು ಕೂಲಿ ಕೊಟ್ಟೇ ಕೊಯ್ಯಿಸಿದಳು. ನಾನು ಪ್ರತಿ ಸುಗ್ಗಿಯಲ್ಲೂ ಹೋದೆ. ಒಂದು ದಿನ, ಅರ್ಧ ದಿನ, ಒಂದು ಹೊರೆ ಹೊತ್ತುಹಾಕಲಾದರೂ. ಪ್ರತಿ ಸುಗ್ಗಿಯಲ್ಲೂ ಅದೇ ಮಾತು.

ಇಪ್ಪತ್ತು ವರ್ಷ ಬಾಯಿಬಿಡದ್ದು ಅವತ್ತು ಯಾಕೆ ಬಾಯಿಗೆ ಬಂತೋ. ಹೇಳಿದರೆ ಅಕ್ಕ ಬೈದಾಳು, ಬೈದರೆ ಏನೋ ಒಂದು ಮತ್ತೆ ಶುರುವಾದೀತು ಎಂದಿರಬೇಕು.

"ಹೊಲದಲ್ಲಿದ್ದೆ. ಇದೇ ಹೊಲ," ಎಂದೆ. "ಹಿಂದಿನ ದಿನ ಚೂಟಿ ಹೊತ್ತು ಮುಳುಗೋಕ್ಕಿಂತ ಮುಂಚೆ ಹೊರಟ್ಲು. ಬಟ್ಟೆ ಒಗೆದು ಒಣಗಿಸ್ಬೇಕು ಅಂದ್ಲು. 'ಚಿಕ್ಕಮ್ಮಾ, ಅರ್ಧ ಸಾಲು ಉಳೀತು, ರಜಕ್ಕೆ ಬಂದಾಗ ಒಂದಕ್ಕೆರಡು ಕೊಯ್ತೀನಿ' ಅಂತ ಕೂಗಿ ಓಡಿದ್ಲು. ಮರುದಿನ ಗಿರಣಿಯ ಒಂಬತ್ತು ಗಂಟೆ ಕೂಗು ಆದಮೇಲೆ ಆ ಅರ್ಧ ಸಾಲಿಗೆ ಕೂತೆ. ಬಿಸಿಲು ಬಂದು ಕಾಳು ಉದುರ್ತಿತ್ತು. ನಾನು..."

"ಹೇಳಿ," ಎಂದಳು ಟೀಚರಮ್ಮ, ಪೆನ್ನು ಹಿಡಿದು.

"ಬೈತಿದ್ದೆ. 'ಹಾಳಾದೋಳು, ಕಳ್ಳಿ, ತನ್ನ ಕೆಲಸ ನನ್ನ ತಲೆಗೆ ಕಟ್ಟಿ ಹೋದ್ಲು' ಅಂತ. ಆ ಅರ್ಧ ಸಾಲು ಮುಗಿಯೋವರೆಗೂ ಬೈತಾನೇ ಇದ್ದೆ. ಒಂಬತ್ತು ಹನ್ನೆರಡಕ್ಕೆ ನಾನು ಮಾಡ್ತಿದ್ದದ್ದು ಅದು."

ಕೂಲಿಯವರ ಕುಡುಗೋಲುಗಳು ನಿಂತಿದ್ದವು. ಅಕ್ಕ ನನ್ನನ್ನು ನೋಡಲಿಲ್ಲ. ಹೊಸೆದ ಹುರಿಗಳನ್ನು ಎಣಿಸಿ ಪಕ್ಕಕ್ಕಿಟ್ಟಳು, ಬದುವಿಗೆ ಕೈಯೂರಿ ಎದ್ದಳು, ಮನೆಯ ಕಡೆ ನಡೆದಳು. ಟೀಚರಮ್ಮ ನೋಟ್‌ಬುಕ್ ಮುಚ್ಚಿದಳು.

ಮರುದಿನ ಬೆಳಿಗ್ಗೆ ನಾನು ಹೊಲಕ್ಕೆ ಬರುವಷ್ಟರಲ್ಲಿ ಅಕ್ಕ ನನ್ನ ಬದುವಿನ ಈಚೆಗಿದ್ದಳು. ಕೈಯಲ್ಲಿ ಹಳೆಯ ಕುಡುಗೋಲು, ಹೊಸದಾಗಿ ಮಸೆದದ್ದು. ಇಪ್ಪತ್ತು ವರ್ಷದ ಮೇಲೆ ಅವಳು ನನ್ನ ಹೊಲದೊಳಗೆ ಕಾಲಿಟ್ಟಿದ್ದಳು. ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಅದನ್ನೂ ಹೇಳಬೇಕು.

"ಯಾವ ಕಡೆ?" ಎಂದಳು.

"ಏನಕ್ಕಾ?"

"ಅವಳು ಬಿಟ್ಟು ಹೋದ ಅರ್ಧ ಸಾಲು. ಯಾವ ಕಡೆ ಇತ್ತು?"

"ಅಕ್ಕಾ, ಬೇಡ. ಅದನ್ನ ಅವತ್ತೇ ನಾನು ಕೊಯ್ದೆನಲ್ಲ."

"ನೀನು ಕೊಯ್ದೆ. ನಾವು ಕೊಯ್ಯಲಿಲ್ಲ. ತೀರಿದೆ ಅಂತ ಇಷ್ಟು ವರ್ಷ ನಿನಗೇ ಹೇಳ್ಕೊಂಡು ಬಂದೆ. ತೀರಿರಲಿಲ್ಲ."

"ನನ್ನನ್ನ ಬೈಯಕ್ಕಾ. ಹೊಡಿ ಬೇಕಾದ್ರೆ. ನಾನು ಹಂಗೆ ಅಂದಿರದಿದ್ರೆ ಅವಳು—"

"ಯಾವ ಕಡೆ?"

ತೋರಿಸಿದೆ. ಮೂಡಣ ಬದುವಿನ ಪಕ್ಕದ ಸಾಲು. ಬಾಗಿ ನಿಲ್ಲಲು ಆಗದೆ ಕೂತಳು. ಒಂದು ಹಿಡಿ ಕೊಯ್ಯುವುದು, ಕೂತಲ್ಲೇ ಸರಿಯುವುದು, ಇನ್ನೊಂದು ಹಿಡಿ. ತಡೆಯಲಾರದೆ ನಾನು ಇನ್ನೊಂದು ತುದಿಯಿಂದ ಕೊಯ್ಯತೊಡಗಿದೆ. "ಮುಟ್ಬೇಡ," ಎಂದಳು, ತಲೆ ಎತ್ತದೆ. ಕುಡುಗೋಲು ಕೆಳಗಿಟ್ಟೆ.

ಅಷ್ಟನ್ನು ಚೂಟಿ ಕಾಲು ಗಂಟೆಯಲ್ಲಿ ಮುಗಿಸುತ್ತಿದ್ದಳು. ಅಕ್ಕನಿಗೆ ಬಿಸಿಲು ನೆತ್ತಿಗೆ ಬಂತು. ಇಬ್ಬನಿ ಆರಿ, ಅವಳ ಕೈ ತಾಗಿದಲ್ಲೆಲ್ಲ ಕಾಳು ಉದುರುತ್ತಿತ್ತು. ನಡುವೆ ನೀರು ಕೊಟ್ಟೆ, ಕುಡಿಯಲಿಲ್ಲ. ಕೊನೆಗೆ ಕೊಯ್ದದ್ದನ್ನೆಲ್ಲ ಕೂಡಿಸಿ, ಸೆರಗಿನಲ್ಲಿ ಸಿಕ್ಕಿಸಿಕೊಂಡು ಬಂದ ತನ್ನದೇ ಹುರಿಯಿಂದ ಮೂರು ಸಿವುಡು ಕಟ್ಟಿ ನನ್ನ ಕಾಲ ಬಳಿ ಇಟ್ಟಳು.

"ಸರಿಹೋಯ್ತಾ?"

ನಾನು ಸಿವುಡು ಎತ್ತಿಕೊಳ್ಳಲು ಬಾಗಿದೆ.

"ಹೇಳು. ಸರಿಹೋಯ್ತಾ?"

"ಹೂಂ," ಎಂದೆ.

ಅವಳು ಎದ್ದು ಬದುವಿನ ಕಡೆ ನಡೆದಳು. ಹತ್ತುವಲ್ಲಿ ಕಾಲು ತಡವರಿಸಿತು. ಓಡಿಹೋಗಿ ಕೈ ಚಾಚಿದೆ. ಅಕ್ಕ ಕುಡುಗೋಲನ್ನು ನನ್ನ ಕಡೆಯ ಕೈಗೆ ಬದಲಾಯಿಸಿಕೊಂಡಳು, ಇನ್ನೊಂದು ಕೈಯಲ್ಲಿ ಹುಲ್ಲು ಹಿಡಿದು ತಾನೇ ದಾಟಿದಳು.