ಗುಂಡಿ ದಾಟಿದ ಬಳೆಗಾಡಿ

ನನ್ನವ್ವನ ಬಳೆಗಾಡಿ ಬರುವುದನ್ನು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು. ಗಲಗಲ ಎಂದರೆ ಬಳೆಗಳು ಕ್ಷೇಮ. ನಡುವೆ ಚಟ್ ಎಂದರೆ ಗಾಜು ಒಡೆಯಿತು, ಅವ್ವನ ಬಾಯಿ ಬಿಚ್ಚಿತು! ನಮ್ಮ ಮನೆಯಿಂದ ಸಂತೆಗೆ ಇದ್ದದ್ದು ಅದೊಂದೇ ದಾರಿ, ಅದರ ಡಾಂಬರೆಲ್ಲ ಎಂದೋ ಎದ್ದುಹೋಗಿ ನಡುವೆ ದೊಡ್ಡ ಗುಂಡಿ ಬಿದ್ದಿತ್ತು. ಪುರಸಭೆಗೆ ಹೋಗಿ ಕೇಳಿದಾಗಲೆಲ್ಲ ಒಂದೇ ಉತ್ತರ: "ಅನುದಾನ ಬಂದಿಲ್ಲ." ಈ ಅನುದಾನ ಯಾರೋ ದೊಡ್ಡ ಮನುಷ್ಯ, ಪಾಪ, ಬಸ್ಸು ತಪ್ಪಿಸಿಕೊಂಡಿದ್ದಾನೆ ಎಂದೇ ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ.

ಒಂದು ದಿನ ಅವ್ವ ಬಳೆಚೂರುಗಳನ್ನು ಮೊರಕ್ಕೆ ಬಳಿಯುತ್ತ ಹೇಳಿದಳು, "ಈ ಮದುವಿ ಹಂಗಾಮಿಗೂ ರಸ್ತೆ ಆಗ್ಲಿಲ್ಲಂದ್ರ ಗಾಡಿ ಮಾರಿಬಿಡ್ತೀನಿ. ಮಂದಿ ಹೊಲಕ್ಕ ಕಳೆ ತೆಗಿಯಾಕ ಹೋಗ್ತೀನಿ."

ಊರ ಹೆಣ್ಣುಮಕ್ಕಳ ಕೈ ಮುಟ್ಟಿದರೇ ಬಳೆಯ ಅಳತೆ ಹೇಳುತ್ತಿದ್ದ ನನ್ನವ್ವ ಕಳೆ ತೆಗೆಯುವುದೇ! ನನಗೆ ಆ ದಿನ ಊಟ ಸೇರಲಿಲ್ಲ.

ಅಷ್ಟರಲ್ಲಿ ಸುದ್ದಿ ಬಂತು ನೋಡಿ! ಅನುದಾನ ಬಂದಿದೆ! ಆದರೆ ಒಂದೇ ಒಂದು ಬೀದಿಗಾಗುವಷ್ಟು. ನಮ್ಮ ಬೀದಿಯೋ, ಹಿಂದಿನ ಬೀದಿಯೋ, ಇಂಜಿನಿಯರ್ ಸಾಹೇಬರೇ ಖುದ್ದು ಬಂದು ನೋಡಿ ಹೆಚ್ಚು ಕೆಟ್ಟದ್ದನ್ನು ಆರಿಸುತ್ತಾರಂತೆ.

ಬೀದಿಗೆ ಬೀದಿಯೇ ಎದ್ದು ಕುಣಿಯಿತು. ಹಿಟ್ಟಿನ ಗಿರಣಿಯ ದ್ಯಾಮಣ್ಣ ಎಲ್ಲದಕ್ಕೂ ಮುಂದಾಳು. "ನಮ್ಮ ಗುಂಡಿ ಮುಂದ ಅವರ ಗುಂಡಿ ಯಾವ ಲೆಕ್ಕ!" ಎಂದು ತೊಡೆ ತಟ್ಟಿದ. ಆಮೇಲೆ ಮೀಸೆ ತಿರುವಿ, "ಆದ್ರೂ ಒಂಚೂರು ಕೈಯಾಡಿಸೋಣ," ಎಂದ. ಗುದ್ದಲಿ, ಸಲಿಕೆ, ಹಾರೆ ಎಲ್ಲ ಹೊರಬಂದವು. ನಾನೂ ಲಂಗ ಎತ್ತಿ ಕಟ್ಟಿ ಮಣ್ಣಿನ ಬುಟ್ಟಿ ಹೊತ್ತೆ. ಏನು ಹುರುಪು, ಏನು ನಗೆ! ಯಾರೋ ಎಲ್ಲರಿಗೂ ಚಹಾ ಕಾಸಿ ತಂದರು.

"ಇದ್ದದ್ದು ತೋರಿಸಿದ್ರ ಸಾಲ್ದೇನ್ರೋ?" ಎಂದು ಅವ್ವ ಕಟ್ಟೆಯ ಮೇಲಿಂದ ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಸಂಜೆಯ ಹೊತ್ತಿಗೆ ಗುಂಡಿ, ಗೋಡೆಯಂಚಿಗೆ ಒಬ್ಬರು ನಡೆಯುವಷ್ಟು ಬಿಟ್ಟು, ಬೀದಿಯ ಅಗಲಕ್ಕೂ ಹರಡಿ, ಅದರೊಳಗೆ ನಿಂತ ದ್ಯಾಮಣ್ಣನ ರುಮಾಲು ಮಾತ್ರ ಮೇಲೆ ಕಾಣುತ್ತಿತ್ತು.

ಮರುದಿನ ಜೀಪು ಬಂತು. ಸಾಹೇಬರು ಗುಂಡಿಯ ಅಂಚಿಗೆ ಬಂದು ಇಣುಕಿದರು.

"ಅಬ್ಬಬ್ಬಾ! ಬಹಳ ಕೆಟ್ಟದರೀ ಇದು," ಎಂದರು.

"ಹೌದ್ರಿ ಸಾಹೇಬ್ರ, ಮೊದ್ಲಿಂದ್ಲೂ ಹಿಂಗ ಐತ್ರಿ!" ದ್ಯಾಮಣ್ಣ ಸಾಹೇಬರಿಗೆಂದು ತಂದಿದ್ದ ಹೂವಿನ ಹಾರ ಎತ್ತಿಯೇಬಿಟ್ಟ.

"ಅದಕ್ಕ ಹೇಳಿದೆ. ಈಗ ಬಂದದ್ದು ದುರಸ್ತಿ ಅನುದಾನ. ಇದು ದುರಸ್ತಿ ದಾಟಿ ಹೋಗೇದ. ನಿಮಗ ಹೊಸ ರಸ್ತೆನೇ ಆಗಬೇಕು. ಅದರ ಅನುದಾನ ಬ್ಯಾರೆ, ಬಂದಾಗ ನೋಡೋಣ."

ದ್ಯಾಮಣ್ಣನ ಮುಖ ಪೆಚ್ಚಾಯಿತು. "ಈಗಿಂದೀಗ ಮುಚ್ಚಿಬಿಡ್ತೀವ್ರಿ!"

"ಮುಚ್ಚಬ್ಯಾಡ್ರಿ ಮತ್ತ! ಹೊಸ ರಸ್ತೆಗಂತ ಬರಕೊಂಡಾಗೇದ. ಮುಚ್ಚಿದ್ರ ಅದೂ ಹೋಯ್ತು."

ಜೀಪು ಹಿಂದಿನ ಬೀದಿಯತ್ತ ತಿರುಗಿತು. ಅಲ್ಲಿಂದ ಪಟಾಕಿಯ ಸದ್ದು ಕೇಳಿದಾಗ ನನಗೆ ಅಳುವೇ ಬಂತು.

ಸಂತೆಯ ದಿನ ಅವ್ವ ತುಂಬಿದ ಗಾಡಿಯನ್ನು ಗುಂಡಿಯ ತನಕ ತಳ್ಳಿಕೊಂಡು ಬಂದು ನಿಂತಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. "ಗಾಡಿ ಯಾರಿಗಾದ್ರೂ ಬೇಕೇನ್ರಪ್ಪಾ?" ಎಂದು ಮೆಲ್ಲಗೆ ಕೇಳಿದಳು.

ಗಿರಣಿಯ ಬಾಗಿಲಲ್ಲಿದ್ದ ದ್ಯಾಮಣ್ಣ ರುಮಾಲು ಬಿಗಿದು ಓಡಿ ಬಂದ. "ಯಾಕ ಮಾರ್ತಿ ಹೊನ್ನಕ್ಕಾ? ತೋಡಿದವ್ರು ನಾವು. ದಾಟಿಸೋರೂ ನಾವ!" ಎಂದವನೇ ಗುಂಡಿಗೆ ಧುಮುಕಿದ. ಅವನ ಹಿಂದೆ ಧಡಧಡನೆ ಉಳಿದವರೂ ಇಳಿದು ಸಾಲಾಗಿ ನಿಂತು ಕೈಗಳನ್ನು ಮೇಲೆತ್ತಿದರು. ನಾವು ಹೆಂಗಸರು ಗಾಡಿಯನ್ನು ಅವರ ಕೈಗೆ ಕೊಟ್ಟೆವು.

"ಏ, ಹಿಡ್ಕೋ, ಹಿಡ್ಕೋ!"

"ನಿಧಾನ್ರೋ, ಗಾಜು ಐತಿ!"

ನಾನು ಒಂದು ಚಟ್ ಸದ್ದಿಗಾಗಿ ಹೆದರುತ್ತ ಕಾಯುತ್ತಿದ್ದೆ. ಗಾಡಿ ಕೈಯಿಂದ ಕೈಗೆ ಸಾಗಿತು. ಗೋಡೆಯಂಚಿನ ಸಣ್ಣ ದಾರಿಯಲ್ಲಿ ಬರಿಗೈಯಲ್ಲಿ ಹೊರಟಿದ್ದ ಅವ್ವ ನಡುವೆಯೇ ನಿಂತಳು, ಗೋಡೆಗೆ ಕೈಯೂರಿ ಕಣ್ಣು ಮುಚ್ಚಿಕೊಂಡಳು. ಗುಂಡಿಯ ಮೇಲೆ ಎತ್ತಿದ ಅಷ್ಟೂ ಕೈಗಳ ಮೇಲೆ ಅವಳ ಬಳೆಗಳು ಗಲಗಲ, ಗಲಗಲ ಎನ್ನುತ್ತ ಆಚೆ ದಡಕ್ಕೆ ಹೋಗುತ್ತಿದ್ದವು.