ನಿದ್ದೆ ಬಾರದ ಅತ್ತೆಯ ಗೊರಕೆ

ನಮ್ಮ ಅತ್ತೆ ಹನ್ನೆರಡು ವರ್ಷದಿಂದ ಒಂದು ದಿನವೂ ನಿದ್ದೆ ಮಾಡಿಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಅವರು ನಿದ್ದೆ ಮಾಡದೆ ಮಲಗಿದ ಸದ್ದಿಗೆ ಮನೆಯಲ್ಲಿ ಇನ್ಯಾರಿಗೂ ನಿದ್ದೆ ಇರಲಿಲ್ಲ.

ಎಂಥ ಗೊರಕೆ ಅಂತೀರಿ! ಮೊದಲು ಸಣ್ಣಗೆ, ಹಲಗೆಗೆ ಗರಗಸ ಹಚ್ಚಿದ ಹಾಗೆ. ಆಮೇಲೆ ಮರವೇ ಉರುಳಿದ ಹಾಗೆ. ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, "ರಾತ್ರಿಯೆಲ್ಲ ರೆಪ್ಪೆ ಅಂಟಿಲ್ಲ ಕಣೇ" ಅನ್ನುತ್ತಿದ್ದರು. ನಾನೂ ನನ್ನ ಗಂಡನೂ ಮುಖ ಮುಖ ನೋಡಿಕೊಂಡು ನಗು ನುಂಗುತ್ತಿದ್ದೆವು.

ಒಮ್ಮೆ ನನ್ನ ಗಂಡ ಆ ಸದ್ದನ್ನು ಫೋನಿನಲ್ಲಿ ಹಿಡಿದಿಟ್ಟು ಅವರಿಗೇ ಕೇಳಿಸಿದ. ಅತ್ತೆ ಕಿವಿಗೊಟ್ಟು ಪೂರ್ತಿ ಕೇಳಿದರು.

"ಇದು ನಿನ್ನಪ್ಪನದು."

"ಅಪ್ಪ ಹೋಗಿ ಒಂಬತ್ತು ವರ್ಷ ಆಯ್ತಮ್ಮ. ಈ ಫೋನ್ ತಗೊಂಡು ಎಂಟು ತಿಂಗಳು."

"ಹಾಗಿದ್ರೆ ಪಕ್ಕದ ಮನೆಯವರದು. ಗೋಡೆ ತೆಳು."

ಅಲ್ಲಿಗೆ ಆ ಮಾತು ಮುಗಿಯಿತು.

ಇದರಲ್ಲಿ ನನ್ನ ಪಾಡು ಬೇರೆಯೇ ಇತ್ತು. ನಾನು ಕೆಲಸ ಮಾಡುವುದು ಆಸ್ಪತ್ರೆಯ ಶ್ವಾಸಕೋಶ ವಿಭಾಗದಲ್ಲಿ. ಅಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಐವತ್ತೈದು ದಾಟಿದ ಹೆಂಗಸರಲ್ಲಿ ನಿದ್ದೆಯ ನಡುವೆ ಉಸಿರು ನಿಲ್ಲುವ ಕಾಯಿಲೆ ಎಷ್ಟಿದೆ, ಹೇಗಿರುತ್ತದೆ ಅಂತ ನೋಡುವುದು. ಜನರನ್ನು ಹುಡುಕಿ ಸೇರಿಸುವ ಕೆಲಸ ನನ್ನದು. ಅರವತ್ತು ಹೆಂಗಸರು ಬೇಕಿತ್ತು. ಏಳು ತಿಂಗಳಲ್ಲಿ ಸಿಕ್ಕವರು ಹನ್ನೊಂದು. ‘ನೀವು ಗೊರಕೆ ಹೊಡೆಯುತ್ತೀರಾ? ನಮ್ಮನ್ನು ಕಾಣಿ’ ಅಂತ ಹೊರರೋಗಿಗಳ ಸಾಲಿನುದ್ದಕ್ಕೂ ಭಿತ್ತಿಪತ್ರ ಅಂಟಿಸಿದ್ದೆ. ಅದನ್ನು ಓದಿ ಬರುತ್ತಿದ್ದವರೆಲ್ಲ ಗಂಡಸರು. "ನನ್ನ ಹೆಂಡತಿಯನ್ನು ಸೇರಿಸಿಕೊಳ್ಳಿ" ಅನ್ನುವರು. ಹೆಂಡತಿ ಎಲ್ಲಿ ಅಂದರೆ, "ಅವಳು ಒಪ್ಪಲ್ಲ, ನೀವೇ ಮನೆಗೆ ಬಂದು ಹೇಳಿ" ಅನ್ನುವರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ನಾನು ಮನೆಯಲ್ಲಿ ಅತ್ತೆಯನ್ನಿಟ್ಟುಕೊಂಡು ಗೊರಕೆ ಹೊಡೆಯುವವರನ್ನು ಹುಡುಕುತ್ತಿದ್ದೆ.

"ಅತ್ತೆ, ಒಂದೇ ಒಂದು ರಾತ್ರಿ ನಮ್ಮಲ್ಲಿ ಮಲಗಿ" ಅಂತ ಎಷ್ಟೋ ಸಲ ಗೋಗರೆದಿದ್ದೆ.

"ನಿದ್ದೆ ಮಾಡದವಳು ಅಲ್ಲಿ ಬಂದು ಏನು ಮಾಡಲಿ? ನಿಮ್ಮ ಫ್ಯಾನ್ ಎಣಿಸಲಾ?"

ಅವರ ಮನಸ್ಸು ತಿರುಗಿದ್ದು ಒಂದು ಅಂಗಿಯಿಂದ. ಅತ್ತೆ ನಲವತ್ತು ವರ್ಷದಿಂದ ಮನೆಯಲ್ಲೇ ಹೊಲಿಗೆ ಹಾಕುವವರು. ಅವರ ಹೊಲಿಗೆಗೆ ಯಾರೂ ಬೆರಳು ಮಾಡಿ ತೋರಿಸಿದ್ದಿಲ್ಲ. ಒಂದು ದಿನ ಎದುರುಮನೆಯ ಬಸ್ ಕಂಡಕ್ಟರ್ ಹೊಸ ಅಂಗಿಯನ್ನು ಅರ್ಧ ತೊಟ್ಟುಕೊಂಡೇ ಬಾಗಿಲಿಗೆ ಬಂದ. ಎಡಗೈ ಹೊರಗಿತ್ತು. ಬಲಗೈ ತೋಳಿನೊಳಗೇ ಗುದ್ದಾಡುತ್ತಿತ್ತು.

"ಅಮ್ಮಾ, ಈ ಕೈ ಎಲ್ಲಿಂದ ಹೊರಗೆ ಬರಬೇಕು?"

ತೋಳಿನ ಬಾಯಿ ನೀಟಾಗಿ, ಎರಡು ಸಾಲು ಹೊಲಿಗೆಯಲ್ಲಿ ಮುಚ್ಚಿಹೋಗಿತ್ತು. ಮಧ್ಯಾಹ್ನ ಮಷಿನ್ ಮುಂದೆ ತೂಕಡಿಸುತ್ತಲೇ ಹೊಲಿದುಬಿಟ್ಟಿದ್ದರು. ಕಂಡಕ್ಟರ್ ಪಾಪ ನಕ್ಕ. ಅತ್ತೆ ನಗಲಿಲ್ಲ. ಅಂಗಿ ಬಿಚ್ಚಿಸಿಕೊಂಡು, ಅಲ್ಲೇ ಕೂತು ಹೊಲಿಗೆ ಬಿಡಿಸಿ ಸರಿಮಾಡಿ ಕೊಟ್ಟರು. ಆಮೇಲೆ ನನ್ನನ್ನು ಕರೆದರು.

"ನಿನ್ನ ಆಸ್ಪತ್ರೆಗೆ ಬರ್ತೀನಿ. ಗೊರಕೆಗಲ್ಲ, ತಿಳ್ಕೋ. ನನಗೆ ನಿದ್ದೆ ಇಲ್ಲ ಅಂತ ಬರೆದು ಕೊಡ್ತಾರಾ?"

"ಮಷಿನ್ ಏನು ಹೇಳುತ್ತೋ ಅದನ್ನ ಬರೆದು ಕೊಡ್ತಾರೆ."

"ಕೊಡಲಿ. ನಿಮ್ಮಿಬ್ಬರ ಬಾಯಾದ್ರೂ ಮುಚ್ಚುತ್ತೆ."

ಮನೆಯವರಾದ್ದರಿಂದ ಒಪ್ಪಿಗೆ ಪತ್ರವನ್ನು ನಾನು ಓದಿ ಹೇಳುವ ಹಾಗಿರಲಿಲ್ಲ. ನಮ್ಮ ವಿಭಾಗದ ಡಾಕ್ಟರಮ್ಮನೇ ಕೂತು ಓದಿದರು. ಅತ್ತೆ ಪ್ರತಿ ಸಾಲಿಗೂ ತಡೆದರು. "ನೀವು ಯಾವಾಗ ಬೇಕಾದರೂ, ಕಾರಣ ಕೊಡದೆ ಹಿಂದೆ ಸರಿಯಬಹುದು" ಅನ್ನುವ ಸಾಲು ಬಂದಾಗ ಇನ್ನೊಮ್ಮೆ ಓದಿಸಿದರು.

"ಕಾರಣ ಕೊಡದೇನಾ?"

"ಕೊಡದೇ."

"ನನ್ನ ಮದುವೇಲಿ ಇಂಥದ್ದೊಂದು ಕಾಗದ ಯಾರೂ ತೋರಿಸಲಿಲ್ಲ ನೋಡಿ" ಅನ್ನುತ್ತಾ ಸಹಿ ಹಾಕಿದರು.

ಆಮೇಲೆ ಹಗಲು ತೂಕಡಿಕೆಯ ಪ್ರಶ್ನಾವಳಿ. ಕೂತು ಓದುವಾಗ ಜೊಂಪು ಹತ್ತುತ್ತದೆಯೇ? ಇಲ್ಲ. ಟಿವಿ ನೋಡುವಾಗ? ಇಲ್ಲವೇ ಇಲ್ಲ. ಬಸ್ಸಿನಲ್ಲಿ ಕೂತಾಗ? "ಕಣ್ಣು ಮುಚ್ಚಿ ಯೋಚನೆ ಮಾಡ್ತೀನಿ, ಅಷ್ಟೇ." ಐದನೇ ಪ್ರಶ್ನೆಗೆ ಉತ್ತರವೇ ಬರಲಿಲ್ಲ. ಡಾಕ್ಟರಮ್ಮ ತಲೆಯೆತ್ತಿ ನೋಡಿದರೆ, ಅತ್ತೆ ಕೈಯಲ್ಲಿ ಪೆನ್ನು ಹಿಡಿದೇ ಯೋಚನೆ ಮಾಡುತ್ತಿದ್ದರು. ಸಣ್ಣಗೆ ಗರಗಸ ಶುರುವಾಗಿತ್ತು.

ಸಂಜೆ ಟೆಕ್ನಿಷಿಯನ್ ಹುಡುಗಿ ಬಂದು ವೈರು ಅಂಟಿಸಿದಳು. ತಲೆಗೆ, ಕಣ್ಣಿನ ಪಕ್ಕ, ಗದ್ದಕ್ಕೆ, ಕಾಲಿಗೆ. ಮೂಗಿಗೆ ಗಾಳಿ ಅಳೆಯುವ ಕೊಳವೆ, ಬೆರಳಿಗೆ ಆಮ್ಲಜನಕದ ಕ್ಲಿಪ್ಪು, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ. ಅತ್ತೆ ಎಲ್ಲವನ್ನೂ ಸಹಿಸಿದರು, ಪಟ್ಟಿಯೊಂದನ್ನು ಬಿಟ್ಟು.

"ಇದನ್ನ ಹೊಲಿದ ಪುಣ್ಯಾತ್ಮ ಯಾರು? ಎಲಾಸ್ಟಿಕ್ ಎಳೆದು ಹಿಡೀದೆ ಹೊಲಿದಿದ್ದಾನೆ. ಸೂಜಿ ದಾರ ಇದ್ಯಾ?"

ಇರಲಿಲ್ಲ. ಅತ್ತೆಯ ಚೀಲದಲ್ಲಿ ಇತ್ತು. ಇಪ್ಪತ್ತು ವೈರು ನೇತಾಡಿಸಿಕೊಂಡೇ ಪಟ್ಟಿಯ ತುದಿ ಸರಿಮಾಡಿದರು. ಆಗ ನಾನು ಮನೆಗೆ ಹೊರಟೆ. "ಬೆಳಿಗ್ಗೆ ಬೇಗ ಬಾ. ಎಚ್ಚರವಾಗೇ ಇರ್ತೀನಿ" ಅಂದರು.

ಮಾರನೆಯ ದಿನ ಹತ್ತು ಗಂಟೆಗೆ ಡಾಕ್ಟರಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡರು. ನನ್ನ ಗಂಡ ಅರ್ಧ ದಿನ ರಜೆ ಹಾಕಿ ಬಂದಿದ್ದ, ಗೆಲ್ಲುವ ಪಂದ್ಯಕ್ಕೆ ಬಂದವನ ಹಾಗೆ.

"ಗೊರಕೆ ಹೊಡೆದ್ರಾ ಡಾಕ್ಟ್ರೇ?"

"ಹೊಡೆದ್ರು. ಚೆನ್ನಾಗೇ ಹೊಡೆದ್ರು. ಮಷಿನ್ ಲೆಕ್ಕದಲ್ಲಿ ಆರು ಗಂಟೆ ನಿದ್ದೆಯೂ ಆಗಿದೆ."

"ನೋಡಿದ್ಯಾ ಅಮ್ಮ!"

"ಸ್ವಲ್ಪ ತಡೀರಿ" ಅಂತ ಡಾಕ್ಟರಮ್ಮ ಪರದೆಯನ್ನು ಅತ್ತೆಯ ಕಡೆ ತಿರುಗಿಸಿದರು. ಉದ್ದಕ್ಕೂ ಗೆರೆಗಳು. "ಮೇಲಿನದು ನಿಮ್ಮ ಮೂಗಿನ ಗಾಳಿ, ಕೆಳಗಿನದು ಎದೆಯ ಏರಿಳಿತ. ಇಲ್ಲಿ ನೋಡಿ."

ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮೇಲಿನ ಗೆರೆ ಅಲ್ಲಲ್ಲಿ ಸಪಾಟಾಗಿತ್ತು. ಕೆಳಗಿನದು ಮಾತ್ರ ಕುಣಿಯುತ್ತಲೇ ಇತ್ತು.

"ದಾರ ತುಂಡಾದ್ರೂ ಮಷಿನ್ ಸುಮ್ನೆ ಓಡ್ತಿದೆ" ಅಂದರು.

ಡಾಕ್ಟರಮ್ಮ ಕುರ್ಚಿಯನ್ನು ಅತ್ತೆಯ ಹತ್ತಿರಕ್ಕೆ ಎಳೆದುಕೊಂಡರು. "ಇಷ್ಟು ವರ್ಷದಲ್ಲಿ ಯಾರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಅದೇ ಆಗ್ತಿರೋದು. ಗಂಟಲು ಮುಚ್ಚಿಕೊಳ್ಳುತ್ತೆ, ಗಾಳಿ ಹೋಗಲ್ಲ, ಎದೆ ಹೆಣಗುತ್ತೆ. ಗಂಟೆಗೆ ನಲವತ್ತನಾಲ್ಕು ಸಲ. ಒಂದು ಸಲವಂತೂ ಅರವತ್ತೆಂಟು ಸೆಕೆಂಡ್."

ನನ್ನ ಗಂಡನ ಮುಖದ ನಗು ಎಲ್ಲಿ ಹೋಯಿತೋ.

"ಪ್ರತಿ ಸಲವೂ ಮಿದುಳು ಗಾಬರಿಬಿದ್ದು ಎಚ್ಚರ ಮಾಡಿಸುತ್ತೆ" ಅಂತ ಅವರು ಮುಂದುವರಿಸಿದರು. "ಮೂರು ಸೆಕೆಂಡ್, ಐದು ಸೆಕೆಂಡ್. ರಾತ್ರಿಯಿಡೀ ಇನ್ನೂರೈವತ್ತು ಸಲಕ್ಕೂ ಹೆಚ್ಚು. ಆಳವಾದ ನಿದ್ದೆ ಅಂತ ಸಿಕ್ಕಿದ್ದು ನಾಲ್ಕೇ ನಿಮಿಷ."

"ಅಂದ್ರೆ ನಾನು ನಿದ್ದೆ ಮಾಡಿಲ್ಲ."

"ಸರಿಯಾಗಿ ನೋಡಿದ್ರೆ... ಹೌದಮ್ಮ. ಮಾಡಿಲ್ಲ."

ಅತ್ತೆ ನಿಧಾನವಾಗಿ ನಮ್ಮ ಕಡೆ ತಿರುಗಿದರು. ಆ ನೋಟಕ್ಕಿಂತ ಎರಡು ಏಟು ಕೊಟ್ಟಿದ್ದರೆ ವಾಸಿಯಿತ್ತು.

"ಹೆಂಗಸರು ಬಂದು ನಿದ್ದೆ ಬರಲ್ಲ ಅಂತಾರೆ. ನಾವು ಮಾತ್ರೆ ಬರೆದು ಕಳಿಸಿಬಿಡ್ತೀವಿ. ಅದಕ್ಕೇ ಈ ಸಂಶೋಧನೆ. ಆದ್ರೆ ಜನ ಬರ್ತಿಲ್ಲ" ಅಂದರು ಡಾಕ್ಟರಮ್ಮ.

"ಹೇಗೆ ಬರ್ತಾರೆ? ಹೊರಗೆ ಆ ಕಾಗದ ಬರೆದ ದಡ್ಡ ಯಾರು?"

ದಡ್ಡಿ ನಾನೇ. ನೆಲ ನೋಡಿದೆ.

"ಗೊರಕೆ ಹೊಡೀತೀಯಾ ಅಂದ್ರೆ ಯಾವ ಹೆಂಗಸು ಹೂಂ ಅಂತಾಳೆ? ‘ರಾತ್ರಿ ನಿದ್ದೆ ಬರ್ತಿಲ್ವಾ? ಹಗಲು ಸುಸ್ತಾ?’ ಅಂತ ಬರೀರಿ. ಬಾಗಿಲು ಮುರಿದುಕೊಂಡು ಬರ್ತಾರೆ."

ಸಂಶೋಧನೆಗಳನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಹೊಸ ಕಾಗದ ಅಂಟಿಸಲು ಐದು ವಾರ ಹಿಡಿಯಿತು. ಅಂಟಿಸಿದ ಮೊದಲ ವಾರವೇ ಇಪ್ಪತ್ತಾರು ಹೆಂಗಸರು ಬಂದರು. ಅವರಲ್ಲಿ ಒಬ್ಬರೂ ಗೊರಕೆ ಹೊಡೆಯುವವರಲ್ಲ. ಅವರೇ ಹೇಳಿದ್ದು.

ಡಾಕ್ಟರಮ್ಮ ಪರದೆ ತೋರಿಸಿದ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಅತ್ತೆಯ ಪಕ್ಕ ಕೂತಿದ್ದೆ.

"ಅತ್ತೆ, ನಾವು ನಗಾಡಿದ್ವಿ. ತಪ್ಪಾಯ್ತು."

"ನಗಾಡಿದ್ದಕ್ಕಲ್ಲ ಕಣೇ. ಹನ್ನೆರಡು ವರ್ಷ ಬಾಯಿಬಿಟ್ಟು ಹೇಳಿದೆ, ನಂಬಲಿಲ್ವಲ್ಲ." ಕಿಟಕಿಯಾಚೆ ನೋಡುತ್ತಾ ಇದ್ದವರು ಸ್ವಲ್ಪ ಹೊತ್ತಿಗೆ ನನ್ನ ಮೊಣಕೈ ತಿವಿದರು. "ಗೊರಕೆ ವಿಷಯ ಮಾತ್ರ ಬೀದೀಲಿ ಯಾರ ಹತ್ರಾನೂ ಬಾಯಿ ಬಿಡಬೇಡ."

ಮುಂದಿನ ವಾರ ಗಂಟಲು ಮುಚ್ಚಿಕೊಳ್ಳದ ಹಾಗೆ ಗಾಳಿ ಊದುವ ಯಂತ್ರವೂ ಮೂಗಿಗೆ ಕಟ್ಟುವ ಮುಖವಾಡವೂ ಬಂದವು. ಮೊದಲ ದಿನ ಅದನ್ನು ಕಿತ್ತೆಸೆದರು. ಎರಡನೇ ದಿನ, "ಆನೆ ಸೊಂಡಿಲು ಕಟ್ಟಿಕೊಂಡು ಯಾರಾದ್ರೂ ಮಲಗ್ತಾರಾ" ಅಂತ ಜಗಳವಾಡಿದರು. ಮೂರನೇ ದಿನ ಕೆನ್ನೆಗೆ ಒತ್ತುವ ಪಟ್ಟಿಗೆ ಮೆತ್ತನೆ ಬಟ್ಟೆಯ ಗವಸು ಹೊಲಿದುಕೊಂಡರು. ನಾಲ್ಕನೇ ದಿನ ಬೆಳಿಗ್ಗೆ ಏಳಾದರೂ ಏಳಲಿಲ್ಲ. ನನ್ನ ಗಂಡ ಗಾಬರಿಯಾಗಿ ಮೂರು ಸಲ ಹೋಗಿ ಯಂತ್ರದ ಸದ್ದು ಕೇಳಿಸಿಕೊಂಡು ಬಂದ.

ಎಂಟೂವರೆಗೆ ಅತ್ತೆ ಕೆನ್ನೆ ಮೇಲೆ ಪಟ್ಟಿಯ ಗುರುತು ಹೊತ್ತು ಹೊರಗೆ ಬಂದರು. ಕಣ್ಣು ಬೆಳ್ಳಗಿದ್ದವು. ನಾನು ಚಪ್ಪಲಿ ಹಾಕಿಕೊಂಡು ಹೊರಟಿದ್ದೆ.

"ಬಾರೇ ಇಲ್ಲಿ. ಕನಸು ಬಿತ್ತು!"

"ಏನು ಕನಸು?"

"ಅದೆಷ್ಟು ವರ್ಷ ಆಗಿತ್ತೋ ಕನಸು ಅಂತ ಬಿದ್ದು! ಒಂದು ಕೆರೆ. ಕೆರೆ ತುಂಬ ಗುಂಡಿ ತೇಲ್ತಾ ಇದೆ, ಅಂಗಿ ಗುಂಡಿ. ನಾನು ದೋಣೀಲಿ ಕೂತು ಬಣ್ಣ ಬಣ್ಣದ್ದು ಆರಿಸ್ತಾ ಇದೀನಿ. ದೋಣಿ ನಡೆಸ್ತಿರೋದು ಯಾರು ಗೊತ್ತಾ? ನಿಮ್ಮ ಮಾವ! ಹುಟ್ಟು ಹಾಕೋಕೆ ಬರಲ್ಲ, ಇದ್ದಲ್ಲೇ ಸುತ್ತಿಸ್ತಾರೆ..."

ಕನಸು ಉದ್ದವಿತ್ತು. ಚಪ್ಪಲಿ ಬಿಚ್ಚಿ, ಅವರ ಪಕ್ಕ ಕೂತೆ.